ವಿದ್ವಾಂಸರು ಬರುತ್ತಾರೆ, ಬ್ಯಾಂಡ್ ಮಕ್ಕಳು ಸಿದ್ಧರೇ?

ಜುಲೈ ಕೊನೆಯಾಯಿತೆಂದರೆ ಸಂಜೆ ನಾಲ್ಕರ ಮೇಲೆ ತುಮಕೂರಿನ ಹೈಸ್ಕೂಲು ಬಯಲುಗಳ ಪಕ್ಕ ಹಾದವರಿಗೆ ಡ್ರಮ್ ಸದ್ದು ಕೇಳದೆ ಇರದು. ಗುಬ್ಬಿಯಲ್ಲೂ ಅದೇ, ಕುಣಿಗಲ್‌ನಲ್ಲೂ ಅದೇ. ಹೆಗಲಿಗೆ ಪಟ್ಟಿ ಬಿಗಿದು ಸೈಡ್ ಡ್ರಮ್ ತೂಗುಹಾಕಿಕೊಂಡ ಎಂಟನೇ ತರಗತಿಯ ಹುಡುಗಿಯರು, ಬೇಸ್ ಡ್ರಮ್ಮನ್ನು ಹೊಟ್ಟೆಯ ಮೇಲೆ ಹೊತ್ತು ಹಿಂದಕ್ಕೆ ಬಾಗಿ ನಡೆಯುವ ಹುಡುಗ, ಸಾಲಿನ ಕೊನೆಯಲ್ಲಿ ದೊಡ್ಡ ತಾಳ ತಟ್ಟುವ ಇಬ್ಬರು, ಎಲ್ಲರ ಮುಂದೆ ಕೋಲು ಹಿಡಿದ ಲೀಡರ್. ಪಕ್ಕದಲ್ಲಿ ಪಿ.ಟಿ. ಮೇಷ್ಟ್ರು ಸೀಟಿ ಕಚ್ಚಿಕೊಂಡು ನಿಂತಿರುತ್ತಾರೆ. ಆಗಸ್ಟ್ 15ರ ಹೊತ್ತಿಗೆ ಎಲ್ಲರ ಹೆಜ್ಜೆ ಒಂದಾಗಬೇಕು.

ಇದೇ ಮಕ್ಕಳಿಗೆ ಬೇರೊಂದು ಕೆಲಸ ಬಂತೆನ್ನಿ. ಶಾಲೆಯ ವಾರ್ಷಿಕೋತ್ಸವಕ್ಕೆ ಹೆಸರಾಂತ ಸ್ಯಾಕ್ಸೋಫೋನ್ ವಿದ್ವಾಂಸರೊಬ್ಬರು ಬರುತ್ತಾರೆ, ಅವರ ಜೊತೆ ನಮ್ಮ ಬ್ಯಾಂಡ್ ನುಡಿಸಲಿ ಎಂದು ಆಡಳಿತ ಮಂಡಳಿ ತೀರ್ಮಾನಿಸುತ್ತದೆ. ಕೇಳಲು ಚಂದ. ಆದರೆ ಒಂದು ಕಡೆ ಎರಡು ಮೂರು ವರ್ಷ ಕಲಿತ ಮಕ್ಕಳು, ಇನ್ನೊಂದು ಕಡೆ ಜೀವಮಾನವಿಡೀ ಸಾಧನೆ ಮಾಡಿದ ಕೈ. ಇವರಿಬ್ಬರೂ ಒಂದೇ ವೇದಿಕೆಯಲ್ಲಿ ಕೂಡಿ ನುಡಿಸುವುದು ಹೇಗೆ?

ಸಾಧ್ಯವಿದೆ. ಅದಕ್ಕೊಂದು ಕ್ರಮವಿದೆ. ಮಕ್ಕಳು ನುಡಿಸುವ ಪಾಠವನ್ನು ಆದಷ್ಟೂ ಸುಲಭ ಮಾಡಬೇಕು, ಕೇಳುವ ಪಾಠವನ್ನು ಆದಷ್ಟೂ ಆಳ ಮಾಡಬೇಕು. ಎಷ್ಟೋ ಕಡೆ ಇದು ತಿರುವುಮುರುವಾಗುವುದರಿಂದಲೇ ಕಾರ್ಯಕ್ರಮ ಎಡವುತ್ತದೆ ಎಂಬುದು ನನ್ನ ನಂಬಿಕೆ. ಆ ಕೇಳುವ ವಿದ್ಯೆಯಲ್ಲಿ ಪಳಗಿದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ.

ಹೆಜ್ಜೆಯ ಬ್ಯಾಂಡ್ ಕಲಿಸುವುದೇನು

ಪಥಸಂಚಲನದ ಬ್ಯಾಂಡಿಗೆ ಮುಖ್ಯವಾದದ್ದು ನಡೆ ಕೆಡದಿರುವುದು. ನಿಮಿಷಕ್ಕೆ ಸುಮಾರು 120 ಹೆಜ್ಜೆ, ಅಂದರೆ ಅರ್ಧ ಸೆಕೆಂಡಿಗೊಂದು. ಮಳೆ ಹನಿಯಲಿ, ಯಾರದಾದರೂ ಕೋಲು ಜಾರಿ ಬೀಳಲಿ, ಡ್ರಮ್ ನಿಲ್ಲುವಂತಿಲ್ಲ. ಸದ್ದು ಬಯಲಿನ ಆಚೆ ತುದಿಗೂ ಮುಟ್ಟಬೇಕಾದ್ದರಿಂದ ಗಟ್ಟಿಯಾಗಿ ಬಾರಿಸುವುದೇ ಅಭ್ಯಾಸ. ಈ ಶಿಸ್ತು ದೊಡ್ಡದು. ಗಣರಾಜ್ಯೋತ್ಸವದ ಸಂದರ್ಭದಲ್ಲಿ ರಾಷ್ಟ್ರಮಟ್ಟದಲ್ಲಿ ಶಾಲಾ ಬ್ಯಾಂಡ್‌ಗಳ ಸ್ಪರ್ಧೆ ನಡೆಯುವುದೂ ಈ ಶಿಸ್ತಿನ ಮೇಲೆಯೇ.

ವಿದ್ವಾಂಸರ ಪಕ್ಕ ಕೂತ ಕೂಡಲೇ ಇದೆಲ್ಲ ಬದಲಾಗುತ್ತದೆ. ಮುಖ್ಯ ಕಲಾವಿದರು ಒಂದು ಸ್ವರದ ಮೇಲೆ ನಿಂತರೆ ಬ್ಯಾಂಡೂ ನಿಲ್ಲಬೇಕು. ಅವರು ಸ್ವಲ್ಪ ಎಳೆದರೆ ಇದೂ ಎಳೆಯಬೇಕು. ಗಟ್ಟಿ ಸದ್ದು ಅಲ್ಲಿ ಅಪರಾಧ. ಎಲ್ಲಕ್ಕಿಂತ ಕಷ್ಟದ್ದೆಂದರೆ ಕೈಯಲ್ಲಿ ವಾದ್ಯ ಹಿಡಿದು ಬಹಳ ಹೊತ್ತು ನುಡಿಸದೆ ಕೂರುವುದು. ನಿನ್ನೆಯವರೆಗೆ ಎಲ್ಲರನ್ನೂ ನಡೆಸುತ್ತಿದ್ದ ಮಕ್ಕಳು ಇಂದು ಒಬ್ಬರ ಹಿಂದೆ ನಡೆಯಬೇಕು.

ಹಾರ್ಮೋನಿಯಂ ಮೇಷ್ಟ್ರ ವಿದ್ಯೆ

ಒಬ್ಬರ ಹಿಂದೆ ನಡೆಯುವ ಈ ವಿದ್ಯೆಯನ್ನು ಕಣ್ಣಾರೆ ನೋಡಲು ದೂರ ಹೋಗಬೇಕಿಲ್ಲ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲೋ, ಕುಣಿಗಲ್ ತಾಲ್ಲೂಕಿನ ಯಾವುದಾದರೂ ಹಳ್ಳಿಯ ಶಾಮಿಯಾನದಲ್ಲೋ 'ಕುರುಕ್ಷೇತ್ರ' ನಾಟಕ ನಡೆಯುವ ರಾತ್ರಿ ಮುಂದಿನ ಸಾಲಿನಲ್ಲಿ ಕೂತು, ಗದೆ ಹಿಡಿದ ದುರ್ಯೋಧನನ ಮೇಲಿಂದ ಸ್ವಲ್ಪ ಹೊತ್ತು ಕಣ್ಣು ತೆಗೆದು, ಹಾರ್ಮೋನಿಯಂ ಮುಂದೆ ಕೂತ ಮೇಷ್ಟ್ರನ್ನು ನೋಡಿದರೆ ಸಾಕು.

ದುರ್ಯೋಧನ ಹಗಲು ಹೊತ್ತು ತೋಟದಲ್ಲಿ ದುಡಿಯುವವನಿರಬಹುದು, ಬಸ್ ಓಡಿಸುವವನಿರಬಹುದು. ರಾತ್ರಿ ಕಿರೀಟ ಇಟ್ಟುಕೊಂಡು ಕಂದವನ್ನೋ ವೃತ್ತವನ್ನೋ ಎತ್ತಿಕೊಂಡನೆಂದರೆ ಅದಕ್ಕೆ ತಾಳದ ಕಟ್ಟಿಲ್ಲ. ಉಸಿರು ಇರುವಷ್ಟು ಹೊತ್ತು ಎಳೆಯುತ್ತಾನೆ, ಚಪ್ಪಾಳೆ ಬಿದ್ದರೆ ಇನ್ನಷ್ಟು. ಮೇಷ್ಟ್ರ ಬೆರಳು ಅವನ ದನಿಗಿಂತ ಒಂದು ಎಳೆ ಹಿಂದೆ ಇರುತ್ತದೆ, ಎಂದೂ ಮುಂದೆ ಹೋಗುವುದಿಲ್ಲ. ಅವನು ಉಸಿರು ತೆಗೆದುಕೊಳ್ಳುವ ಕಡೆ ಮಾತ್ರ ಹಾರ್ಮೋನಿಯಂ ಒಂದು ಸಣ್ಣ ಸ್ವರಗುಚ್ಛ ಹಾಕಿ ಖಾಲಿ ಜಾಗ ತುಂಬುತ್ತದೆ. ಶ್ರುತಿ ಜಾರುತ್ತಿದೆ ಅನ್ನಿಸಿದಾಗ ಆಧಾರ ಸ್ವರವನ್ನು ಸ್ವಲ್ಪ ಒತ್ತಿ ಹಿಡಿದು ಅವನನ್ನು ಮೆಲ್ಲಗೆ ದಾರಿಗೆ ತರುತ್ತಾರೆ. ಒಂದು ಸಾಲು ಹಾರಿಸಿದರೆ ಇವರೂ ಹಾರಿಸುತ್ತಾರೆ. ತಾಳದ ಹಾಡು ಬಂದಾಗ ತಬಲದವರ ಕಡೆ ಕತ್ತು ಅಲುಗಿಸುವುದಷ್ಟೇ, ಎತ್ತುಗಡೆ ಸರಿಯಾಗಿ ಬೀಳುತ್ತದೆ.

ಸಭಿಕರಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಆಗುವುದಿಲ್ಲ. ಗೊತ್ತಾಗದಿರುವುದೇ ಆ ಮೇಷ್ಟ್ರ ಕಸುಬಿನ ಹೆಚ್ಚಳ.

ಈ ಕಸುಬಿನ ಬೇರು ಹುಡುಕುತ್ತ ಹೋದರೆ ಗುಬ್ಬಿ ಸಿಗುತ್ತದೆ. ಶ್ರೀ ಚನ್ನಬಸವೇಶ್ವರ ನಾಟಕ ಮಂಡಳಿ ಅಲ್ಲಿ ಹುಟ್ಟಿದ್ದು 1884ರಲ್ಲಿ. ಎಳೆಯ ಹುಡುಗನಾಗಿ ಅದನ್ನು ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರೂ ಆದರು, ನಾಡಿನುದ್ದಕ್ಕೂ ಗುಬ್ಬಿ ಕಂಪನಿ ಎಂಬ ಹೆಸರು ನಿಲ್ಲಿಸಿದರು. ಬಿ. ಜಯಮ್ಮನವರಂಥ ಹಾಡುವ ನಟಿಯರು ರಂಗಕ್ಕೆ ಬಂದಾಗ ಕಂಪನಿ ನಾಟಕದ ಪ್ರೇಕ್ಷಕರು 'ಒನ್ಸ್ ಮೋರ್' ಎಂದು ಕೂಗುವುದು ಸಾಮಾನ್ಯವಾಗಿತ್ತು. ಕೂಗು ಬಂದ ಕ್ಷಣವೇ ಹಾರ್ಮೋನಿಯಂ, ತಬಲದವರು ಹಾಡನ್ನು ಮತ್ತೆ ಹಿಡಿಯಬೇಕು. ಯಾವ ಸಾಲಿನಿಂದ, ಯಾವ ವೇಗದಲ್ಲಿ ಎಂದು ಕೇಳುವ ವ್ಯವಧಾನ ಇರುತ್ತಿರಲಿಲ್ಲ.

ಆ ಕಂಪನಿ ಮಕ್ಕಳ ಪಾಲಿಗೆ ಶಾಲೆಯೂ ಆಗಿತ್ತು. ರಾಜ್‌ಕುಮಾರ್ ಹುಡುಗನಾಗಿದ್ದಾಗ ತಂದೆಯ ಜೊತೆ ಅಲ್ಲಿದ್ದವರು. ಬಂಟ್ವಾಳದ ಕಡೆಯಿಂದ ಮನೆ ಬಿಟ್ಟು ಓಡಿಬಂದ ಬಿ.ವಿ. ಕಾರಂತರಿಗೂ ಆಶ್ರಯ ಕೊಟ್ಟದ್ದು ಅದೇ ಕಂಪನಿ, ಮುಂದೆ ಓದಲು ಕಾಶಿಗೆ ಕಳಿಸಿದವರು ವೀರಣ್ಣನವರೇ. ಕಾರಂತರು ಆಮೇಲೆ ದೆಹಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕ ಕಲಿಸಿದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ರಂಗದ ಮೇಲಿನ ಮಾತು, ನಡಿಗೆ, ಮೌನ ಇವುಗಳ ಬೆನ್ನಿಗೆ ಸಂಗೀತ ಹೇಗೆ ನಿಲ್ಲಬೇಕೆಂದು ಅವರಷ್ಟು ಆಳವಾಗಿ ಯೋಚಿಸಿದವರು ಕನ್ನಡದಲ್ಲಿ ವಿರಳ. ಆ ಯೋಚನೆಯ ಮೊದಲ ಪಾಠ ಅವರಿಗೆ ಗುಬ್ಬಿ ಕಂಪನಿಯ ಹಾರ್ಮೋನಿಯಂ ಪಕ್ಕದಲ್ಲೇ ಸಿಕ್ಕಿರಬೇಕು ಎಂದು ನನಗೆ ತೋರುತ್ತದೆ.

ಅರಮನೆಯ ಬ್ಯಾಂಡಿನಿಂದ ಬಂದ ವಾದ್ಯ

ಇನ್ನು ಬ್ಯಾಂಡಿನ ಕಥೆ. ಮೈಸೂರು ಅರಮನೆಯಲ್ಲಿ ಕರ್ನಾಟಕ ಸಂಗೀತದ ವಾದ್ಯಗೋಷ್ಠಿಯೂ ಇತ್ತು, ಪಾಶ್ಚಾತ್ಯ ಬ್ಯಾಂಡೂ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಎರಡರ ಮೇಲೂ ಸಮನಾದ ಪ್ರೀತಿ. ಜರ್ಮನಿಯ ಆಟೊ ಶ್ಮಿಟ್ ಪಾಶ್ಚಾತ್ಯ ಬ್ಯಾಂಡನ್ನು ನಡೆಸಿದರೆ, ವೀಣೆ ವೆಂಕಟಗಿರಿಯಪ್ಪನವರು ವಾದ್ಯಗೋಷ್ಠಿಗೆ ಒಗ್ಗುವ 'ನಗ್ಮಾ'ಗಳನ್ನು ರಚಿಸಿದರು. ಆ ಪರಂಪರೆಯ ಮುಂದುವರಿಕೆಯಾಗಿ ರಾಜ್ಯ ಪೊಲೀಸ್ ಇಲಾಖೆಯಲ್ಲಿ ಇವತ್ತಿಗೂ ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಬ್ಯಾಂಡ್ ಎರಡೂ ಉಳಿದಿವೆ. ದಸರೆಯಲ್ಲಿ ಅವನ್ನು ಕೇಳಿದವರು ಬಹಳ ಮಂದಿ.

ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ, ನಾಗಸ್ವರ ವಿದ್ವಾಂಸರ ಮಗ ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿಗೆ ಮನಸೋತದ್ದು ಅರಮನೆಯ ಆ ಬ್ಯಾಂಡಿನಲ್ಲೇ ಅದನ್ನು ಕೇಳಿ. ಗುಂಪಿನ ನಡುವೆ ಇದ್ದ ಒಂದು ವಾದ್ಯವನ್ನು ಅವರು ಕರ್ನಾಟಕ ಸಂಗೀತದ ಒಂಟಿ ದನಿಯಾಗಿ ಬೆಳೆಸಿದರು. ಗಮಕ ಹೊರಡಲೆಂದು ವಾದ್ಯದ ಕೀಲಿಗಳಲ್ಲಿ ಮಾರ್ಪಾಡು ಮಾಡಿಕೊಂಡರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. 2019ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ನಮ್ಮ ಊರುಗಳ ಮದುವೆ ಮನೆಯ ವಾಲಗದಲ್ಲೂ ಡೋಲಿನ ಪಕ್ಕ ಸ್ಯಾಕ್ಸೋಫೋನ್ ಕೂತಾಗಿತ್ತು.

ಹಾಗಾಗಿ ಸ್ಯಾಕ್ಸೋಫೋನ್ ವಿದ್ವಾಂಸರು ಶಾಲೆಯ ಬ್ಯಾಂಡಿಗೆ ಅತಿಥಿಯಾಗಿ ಬಂದರೆ ಅವರೇನೂ ಹೊರಗಿನವರಲ್ಲ. ಆ ವಾದ್ಯ ಹೊರಟ ಮನೆಗೇ ಬಂದಂತೆ. ಕ್ಲಾರಿನೆಟ್ ಹಿಡಿದ ಹುಡುಗಿ ಅವರ ಬೆರಳನ್ನು ನೋಡುವ ನೋಟವೇ ಬೇರೆ ಇರುತ್ತದೆ.

ಅರ್ಧ ಕಟ್ಟೆಯ ವ್ಯತ್ಯಾಸ

ಒಪ್ಪಿಗೆ ಆದ ದಿನವೇ ವಿದ್ವಾಂಸರನ್ನು ಕೇಳಬೇಕಾದ ಮೊದಲ ಪ್ರಶ್ನೆ: ತಮ್ಮ ಶ್ರುತಿ ಯಾವುದು? ಇದನ್ನು ಕಡೆಯ ವಾರಕ್ಕೆ ಬಿಟ್ಟರೆ ಉಳಿದ ತಯಾರಿ ಎಲ್ಲವೂ ನೀರುಪಾಲು.

ನಮ್ಮ ಸಂಗೀತಗಾರರು ತಮಗೆ ಒಗ್ಗುವ ಎತ್ತರದಲ್ಲಿ ಷಡ್ಜ ಇಟ್ಟುಕೊಳ್ಳುತ್ತಾರೆ. ಒಂದು ಕಟ್ಟೆ, ಎರಡೂವರೆ ಕಟ್ಟೆ, ಐದು ಕಟ್ಟೆ ಎಂದು ಅದನ್ನು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುವುದು ರೂಢಿ. ಬ್ಯಾಂಡಿನ ಟ್ರಂಪೆಟ್, ಕ್ಲಾರಿನೆಟ್‌ಗಳಿಗೆ ಆ ಸ್ವಾತಂತ್ರ್ಯ ಕಡಿಮೆ. ಅವುಗಳ ಕೊಳವೆಯ ಉದ್ದಕ್ಕೆ ಸಹಜವಾದ ಶ್ರುತಿಯೊಂದಿದೆ. ಸಾಮಾನ್ಯವಾಗಿ ಅದು ಬಿ-ಫ್ಲಾಟ್, ನಮ್ಮ ಲೆಕ್ಕದಲ್ಲಿ ಆರೂವರೆ ಕಟ್ಟೆ. ಅದಕ್ಕೆ ಹತ್ತಿರದ ಶ್ರುತಿಗಳಲ್ಲಿ ಎಳೆಯ ಬೆರಳುಗಳು ಸಲೀಸಾಗಿ ಓಡುತ್ತವೆ, ದೂರದ ಶ್ರುತಿಗಳಲ್ಲಿ ತಡವರಿಸುತ್ತವೆ.

ಒಂದು ಉದಾಹರಣೆ ನೋಡಿ. ವಿದ್ವಾಂಸರ ಷಡ್ಜ ಎರಡೂವರೆ ಕಟ್ಟೆಯಲ್ಲಿದೆ, ಅವರು ಶಂಕರಾಭರಣ ನುಡಿಸುತ್ತಾರೆ ಎಂದುಕೊಳ್ಳೋಣ. ಟ್ರಂಪೆಟ್ ಹುಡುಗನ ಹಾಳೆಯಲ್ಲಿ ಬರುವುದು ಒಂದೇ ಒಂದು ಫ್ಲಾಟ್, ಅಂದರೆ ಅರ್ಧ ಸ್ವರ ಇಳಿಸುವ ಗುರುತು. ಎರಡನೇ ವರ್ಷದ ವಿದ್ಯಾರ್ಥಿಯೂ ನುಡಿಸಿಯಾನು. ಅದೇ ಅವರ ಷಡ್ಜ ಮೂರು ಕಟ್ಟೆಗೆ ಏರಿತೋ, ಅದೇ ಹಾಳೆಗೆ ಅರ್ಧ ಸ್ವರ ಏರಿಸುವ ಗುರುತುಗಳಾದ ಆರು ಶಾರ್ಪ್‌ಗಳು ಬಂದು ಕೂರುತ್ತವೆ. ವಿದ್ವಾಂಸರ ಮಟ್ಟಿಗೆ ಅದು ಅರ್ಧ ಕಟ್ಟೆಯ ಮಾತು. ಮಕ್ಕಳ ಮಟ್ಟಿಗೆ ಆಗುವ ಕಾರ್ಯಕ್ರಮಕ್ಕೂ ಆಗದ ಕಾರ್ಯಕ್ರಮಕ್ಕೂ ಇರುವ ಅಂತರ. ಮೊದಲೇ ಕೇಳಿಕೊಂಡರೆ ಬಹುಪಾಲು ಹಿರಿಯ ಕಲಾವಿದರು ಅರ್ಧ ಕಟ್ಟೆ ಹೊಂದಿಸಿಕೊಳ್ಳಲು ಹಿಂಜರಿಯುವುದಿಲ್ಲ. ನಾಗಸ್ವರ, ಬಿದಿರು ಕೊಳಲು ಆದರೆ ಬೇರೆ ಶ್ರುತಿಯ ವಾದ್ಯವನ್ನೇ ತರಬೇಕಾಗುತ್ತದೆ, ಆದ್ದರಿಂದ ಇನ್ನೂ ಬೇಗ ಕೇಳಬೇಕು.

ಹವೆಯ ಕಾಟ ಬೇರೆ ಇದೆ. ಗಾಳಿ ಬಿಸಿಯಾದಷ್ಟೂ ಅದರೊಳಗೆ ಶಬ್ದ ವೇಗವಾಗಿ ಓಡುತ್ತದೆ, ಊದುವ ವಾದ್ಯದ ಶ್ರುತಿ ಏರುತ್ತದೆ. ಕೊಳವೆಯೊಳಗಿನ ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಸುಮಾರು ಅರ್ಧ ಸ್ವರದ ಮೂರನೇ ಒಂದು ಪಾಲಿನಷ್ಟು ಏರಿಕೆ. ತಂತಿ ವಾದ್ಯಗಳದ್ದು ಇದಕ್ಕೆ ವಿರುದ್ಧ, ಬಿಸಿಗೆ ತಂತಿ ಸಡಿಲಗೊಂಡು ಶ್ರುತಿ ಇಳಿಯುತ್ತದೆ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಪೆಟ್ಟಿಗೆಯಿಂದ ತೆಗೆದ ಟ್ರಂಪೆಟ್ಟಿಗೂ ಸಂಜೆ ದೀಪಗಳ ಕಾವಿನಲ್ಲಿ ಮಿಂದ ಟ್ರಂಪೆಟ್ಟಿಗೂ ಹೊಂದಿಕೆ ಇರುವುದಿಲ್ಲ. ಆದ್ದರಿಂದ ವೇದಿಕೆ ಹತ್ತುವ ಮುಂಚೆ ಹತ್ತು ನಿಮಿಷ ವಾದ್ಯಕ್ಕೆ ಉಸಿರು ತುಂಬಿ ಬೆಚ್ಚಗೆ ಮಾಡಿಕೊಂಡು ಆಮೇಲೆ ಶ್ರುತಿ ಹೊಂದಿಸಬೇಕು.

ದಿನವೂ ಅಭ್ಯಾಸದ ಮೊದಲು ಎಲ್ಲ ಮಕ್ಕಳೂ ಕಣ್ಣು ಮುಚ್ಚಿ ತಂಬೂರಿಯ ಷಡ್ಜಕ್ಕೆ ಬಾಯಲ್ಲಿ ದನಿಗೂಡಿಸುವುದು ಒಳ್ಳೆಯದು. ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಅವರು ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯಂಥದ್ದು ಎಷ್ಟೋ ಶಾಲೆಗಳಲ್ಲಿದೆ. ಇಲ್ಲದಿದ್ದರೆ ಫೋನಿನಲ್ಲೂ ಸಿಗುತ್ತದೆ. ಬಾಯಲ್ಲಿ ಹಾಡಲು ಬಂದ ಸ್ವರ ವಾದ್ಯದಲ್ಲಿ ತಪ್ಪುವುದು ಕಡಿಮೆ.

ಪಲ್ಲವಿ ಮಕ್ಕಳದು, ಉಳಿದದ್ದು ಅವರದು

ಕೃತಿಯ ಆಯ್ಕೆಯಲ್ಲಿ ಆಸೆಗೆ ಕಡಿವಾಣ ಬೇಕು. ತೋಡಿ, ವರಾಳಿಯಂಥ ರಾಗಗಳ ಜೀವ ಇರುವುದು ಗಮಕದಲ್ಲಿ. ಮೂರು ಗುಂಡಿ ಒತ್ತಿ ನುಡಿಸುವ ಟ್ರಂಪೆಟ್ಟಿನಲ್ಲಿ ಹದಿಮೂರು ವರ್ಷದ ಹುಡುಗ ಅದನ್ನು ತರಲಾರ. ಶಂಕರಾಭರಣ, ಮೋಹನ, ಹಂಸಧ್ವನಿಗಳಲ್ಲಿ ಸ್ವರಗಳನ್ನು ನೇರವಾಗಿ ನಿಲ್ಲಿಸಿದರೂ ರಾಗ ಗುರುತು ಸಿಗುತ್ತದೆ.

ಬ್ಯಾಂಡಿಗೂ ಶಂಕರಾಭರಣಕ್ಕೂ ಹಳೆಯ ನಂಟು. ಮುತ್ತುಸ್ವಾಮಿ ದೀಕ್ಷಿತರು ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡ್‌ಗಳು ನುಡಿಸುತ್ತಿದ್ದ ಮಟ್ಟುಗಳನ್ನು ಕೇಳಿ, ಅವಕ್ಕೆ ಸಂಸ್ಕೃತ ಸಾಹಿತ್ಯ ಹೊಂದಿಸಿ ನೊಟ್ಟುಸ್ವರಗಳನ್ನು ರಚಿಸಿದರು. ಹತ್ತಿರ ಹತ್ತಿರ 40 ರಚನೆಗಳು, ಎಲ್ಲವೂ ಸಣ್ಣವು, ಎಲ್ಲವೂ ಸರಳ. ಬ್ಯಾಂಡಿನಿಂದ ಬಂದ ಅವನ್ನು ಶಾಲೆಯ ಬ್ಯಾಂಡ್ ಮತ್ತೆ ನುಡಿಸುವುದಕ್ಕಿಂತ ಒಳ್ಳೆಯ ಮೊದಲ ಹೆಜ್ಜೆ ನನಗೆ ಕಾಣುತ್ತಿಲ್ಲ. ಆಮೇಲೆ ಮೈಸೂರು ಆಸ್ಥಾನದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ 'ಇಂಗ್ಲಿಷ್ ನೋಟ್'. ಇನ್ನೂ ಧೈರ್ಯವಿದ್ದರೆ ಮೈಸೂರು ವಾಸುದೇವಾಚಾರ್ಯರ ಗುರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರು ಕದನಕುತೂಹಲ ರಾಗದಲ್ಲಿ ರಚಿಸಿದ 'ರಘುವಂಶ ಸುಧಾ'. ಗೋಪಾಲನಾಥರು ನುಡಿಸಿ ಮನೆಮಾತು ಮಾಡಿದ ಕೃತಿಗಳಲ್ಲಿ ಅದೂ ಒಂದು.

ಆಯ್ದ ಕೃತಿಯನ್ನು ಹಂಚುವುದರಲ್ಲಿ ಜಾಣತನವಿದೆ. ಇಟಲಿಯ ವಿವಾಲ್ಡಿ 1703ರಲ್ಲಿ ವೆನಿಸ್ ನಗರದ ಪಿಯೆತಾ ಎಂಬ ಅನಾಥಾಲಯದಲ್ಲಿ ಪಿಟೀಲು ಮೇಷ್ಟ್ರಾಗಿ ಸೇರಿದರು. ಅಲ್ಲಿನ ಹೆಣ್ಣುಮಕ್ಕಳ ವಾದ್ಯವೃಂದಕ್ಕಾಗಿ ಅವರು ಬರೆದ ಕನ್ಸರ್ಟೊಗಳಲ್ಲಿ ಒಂದು ಉಪಾಯ ಕಾಣುತ್ತದೆ. ಇಡೀ ವೃಂದ ಒಂದು ಗಟ್ಟಿಯಾದ, ನೆನಪಿಡಲು ಸುಲಭವಾದ ಮಟ್ಟನ್ನು ನುಡಿಸುತ್ತದೆ. ಆಮೇಲೆ ಒಬ್ಬಳೇ ಮುಂದೆ ಬಂದು ಬೆರಳಿನ ಚಮತ್ಕಾರ ತೋರುತ್ತಾಳೆ, ಆಗ ಹಿಂದೆ ತೆಳುವಾದ ಆಧಾರ ಸ್ವರ ಮಾತ್ರ. ಮತ್ತೆ ವೃಂದದ ಮಟ್ಟು, ಮತ್ತೆ ಒಬ್ಬಳ ಸರದಿ. ಆ ಮನೆಯಲ್ಲೇ ಬೆಳೆದ ಆನ್ನಾ ಮರಿಯಾ ಎಂಬಾಕೆ ಯುರೋಪೆಲ್ಲ ಹೆಸರಾದ ಪಿಟೀಲು ವಾದಕಿಯಾದಳು. ಅವಳ ಕೈಗೆಂದೇ ವಿವಾಲ್ಡಿ ಎಷ್ಟೋ ಕನ್ಸರ್ಟೊ ಬರೆದರು.

ಪ್ರತಿ ಸುತ್ತಿಗೂ ಪಲ್ಲವಿಗೆ ಮರಳುವುದು ನಮಗೆ ಹೊಸದಲ್ಲವಲ್ಲ. ಪಲ್ಲವಿಯ ಸಾಲು ಬ್ಯಾಂಡಿನದ್ದು, ಸಂಗತಿಗಳೂ ಚಿಟ್ಟೆಸ್ವರವೂ ಕಲ್ಪನಾಸ್ವರವೂ ವಿದ್ವಾಂಸರದ್ದು. ಎಲ್ಲ ಮಕ್ಕಳೂ ಆ ಒಂದು ಸಾಲನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನುಡಿಸುವಂತಿರಬೇಕು. ಡ್ರಮ್ ಬಿಟ್ಟು ಬೇರೆ ವಾದ್ಯವಿಲ್ಲದ ಸರ್ಕಾರಿ ಶಾಲೆಯ ಬ್ಯಾಂಡಿಗೂ ಇದು ಹೊರತಲ್ಲ. ಸೈಡ್ ಡ್ರಮ್ಮಿನ ಅಡಿಯ ತಂತಿಗಳನ್ನು ಸಡಿಲಿಸಿ, ಕೋಲಿನ ಬದಲು ಬೆರಳಿನಿಂದ ನುಡಿಸಿದರೆ ಅದರ ಕರ್ಕಶ ದನಿ ಮೆತ್ತಗಾಗುತ್ತದೆ. ಕುಣಿಗಲ್ ಕೆರೆಯನ್ನು ಹಾಡುವ, ನಾಡಿಗೆಲ್ಲ ಗೊತ್ತಿರುವ ಜನಪದ ಗೀತೆಯನ್ನು ಒಳ್ಳೆಯ ಕೊಳಲು ವಾದಕರೊಬ್ಬರು ಎತ್ತಿಕೊಂಡರೆ, ನಾಲ್ಕೇ ಡ್ರಮ್ ಅದಕ್ಕೆ ಸಾಕು.

ಸುಮ್ಮನಿರುವ ಪಾಠ

ತಯಾರಿಯ ಅತಿ ಕಷ್ಟದ ಭಾಗ ಇದು. ವಿದ್ವಾಂಸರು ಆಲಾಪನೆ ಮಾಡುವ ಐದು ನಿಮಿಷ ಬ್ಯಾಂಡಿಗೆ ಕೆಲಸವಿಲ್ಲ. ಸುಮ್ಮನಿರುವ ಮಗುವಿನ ಗಮನ ಚದುರುತ್ತದೆ, ಇಲ್ಲವೇ ಅವರ ಬೆರಳ ವೇಗಕ್ಕೆ ಬೆರಗಾಗಿ ಬಾಯಿ ಬಿಟ್ಟು ಕೂರುತ್ತದೆ. ಎರಡೂ ಒಂದೇ ಫಲ ಕೊಡುತ್ತವೆ. ಸರದಿ ಬಂದಾಗ ಅರ್ಧ ಮಂದಿ ಮಾತ್ರ ನುಡಿಸಲು ಶುರುಮಾಡುತ್ತಾರೆ.

ಬೆರಗು ಕಳೆಯಲು ಒಂದೇ ದಾರಿ, ಮೊದಲೇ ಚೆನ್ನಾಗಿ ಕೇಳಿಸುವುದು. ಆ ವಿದ್ವಾಂಸರದ್ದೇ ವಾದನವನ್ನು ತಿಂಗಳುಗಟ್ಟಲೆ ದಿನಕ್ಕೆ ಸ್ವಲ್ಪ ಹೊತ್ತು ಮಕ್ಕಳು ಕೇಳಲಿ. ಕೇಳುತ್ತ ಕೈಯಲ್ಲಿ ತಾಳ ಹಾಕಲಿ, ಆದಿತಾಳದ ಎಂಟು ಎಣಿಕೆಗಳು ತಪ್ಪದೆ. ಮೊದಮೊದಲು ವೇಗದ ಕಡೆ ಕೈ ಓಡುತ್ತದೆ. ಮಿಂಚಿನ ಹಾಗೆ ಸ್ವರಗಳು ಹರಿಯುವಾಗಲೂ ತಾಳದ ನಡೆ ಒಂದಿಷ್ಟೂ ಏರುವುದಿಲ್ಲ ಎಂಬುದು ಮಕ್ಕಳ ಕೈಗೆ ತಿಳಿಯಲು ವಾರಗಳೇ ಬೇಕು. ತಿಳಿದ ಮೇಲೆ ಹೆದರಿಕೆ ತಾನಾಗಿ ಇಳಿಯುತ್ತದೆ.

ಮುಂದಿನದು ಗುರುತುಗಳು. ಅನುಭವಿ ಕಲಾವಿದರು ಬಾಯಿ ಬಿಟ್ಟು ಹೇಳದಿದ್ದರೂ ಮುಗಿಸುವ ಮುನ್ನ ಸೂಚನೆ ಕೊಟ್ಟೇ ಕೊಡುತ್ತಾರೆ. ತಾಳವಾದ್ಯದ ಸರದಿಯಾದ ತನಿ ಆವರ್ತನದಲ್ಲಿ ಮೃದಂಗದವರು ಮೊಹರಾ ಎಂಬ ನುಡಿಕೆ ಎತ್ತಿಕೊಂಡರೆ ಮುಕ್ತಾಯ ಹತ್ತಿರ ಬಂತೆಂದು ಅರ್ಥ, ಆಮೇಲೆ ಬರುವ ಮುಕ್ತಾಯ ಮೂರು ಸಲ ಬಂದಾಗ ಎಲ್ಲರೂ ಕೃತಿಯ ಎತ್ತುಗಡೆಗೆ ಬಂದು ಸೇರುತ್ತಾರೆ. ಪಾಶ್ಚಾತ್ಯ ಕನ್ಸರ್ಟೊದಲ್ಲೂ ಒಂಟಿ ವಾದಕರು ತಮ್ಮ ಸ್ವತಂತ್ರ ಭಾಗ ಮುಗಿಸುವಾಗ ಒಂದು ಸ್ವರವನ್ನು ಪಕ್ಕದ ಸ್ವರದೊಡನೆ ನಡುಗಿಸುತ್ತ ನಿಲ್ಲುವುದು ರೂಢಿ. ವೃಂದದವರು ವಾದ್ಯ ಮೇಲೆತ್ತುವುದು ಆಗಲೇ. ಇಂಥ ಗುರುತು ಯಾವುದೆಂದು ವಿದ್ವಾಂಸರನ್ನೇ ಕೇಳಿ ತಿಳಿದು ಮಕ್ಕಳಿಗೆ ಹೇಳಿಕೊಡಬೇಕು. ಗುರುತು ಕಂಡುಹಿಡಿಯುವುದು ಮಕ್ಕಳಿಗೆ ಆಟವಾಗುತ್ತದೆ, ಆಟವಾದ ಮೇಲೆ ನಿದ್ದೆ ಬರುವುದಿಲ್ಲ.

ಕಿವಿಗಿಂತ ಕಣ್ಣು ಬೇಗ

ಬಯಲಿನಲ್ಲಿ ಕಾರ್ಯಕ್ರಮ ಇದ್ದರೆ ಇನ್ನೊಂದು ತೊಡಕು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ವಿದ್ವಾಂಸರಿಂದ 34 ಮೀಟರ್ ದೂರ ನಿಂತ ಡ್ರಮ್ ಸಾಲಿಗೆ ಅವರ ಸ್ವರ ಮುಟ್ಟುವುದು ಸೆಕೆಂಡಿನ ಹತ್ತನೇ ಒಂದು ಪಾಲು ತಡವಾಗಿ. ಆ ಸಾಲು ಬಾರಿಸಿದ ಏಟು ವಿದ್ವಾಂಸರಿಗೆ ಮರಳಿ ಕೇಳಲು ಇನ್ನೂ ಅಷ್ಟೇ ತಡ. ಎರಡೂ ಕೂಡಿದರೆ ತಾಳ ಒಡೆಯಲು ಧಾರಾಳ ಸಾಕು. ಆದ್ದರಿಂದ ಮಕ್ಕಳನ್ನು ಸಾಲಾಗಿ ಹರಡದೆ ವಿದ್ವಾಂಸರ ಹಿಂದೆ ಅರೆವೃತ್ತದಲ್ಲಿ ಒತ್ತಾಗಿ ಕೂರಿಸಬೇಕು, ತಾಳಕ್ಕೆ ಕೈ ತೋರುವವರ ಮೇಲೆ ಎಲ್ಲರ ಕಣ್ಣು ಇರಬೇಕು.

ಕೈ ತೋರುವವರು ಯಾರು? ಮಕ್ಕಳೇ ನೇರವಾಗಿ ವಿದ್ವಾಂಸರನ್ನು ಹಿಂಬಾಲಿಸಲಿ ಎಂದು ಬಿಡುವುದು ಅಪಾಯ, ಒಬ್ಬೊಬ್ಬರು ಒಂದೊಂದು ಥರ ಕೇಳುತ್ತಾರೆ. ಒಬ್ಬ ಮೇಷ್ಟ್ರು ವಿದ್ವಾಂಸರನ್ನು ಕೇಳುತ್ತಾರೆ, ಮಕ್ಕಳೆಲ್ಲ ಆ ಮೇಷ್ಟ್ರನ್ನು ನೋಡುತ್ತಾರೆ. ಆ ಒಬ್ಬರಿಗೆ ಮೊದಲು ಹೇಳಿದ ಹಾರ್ಮೋನಿಯಂ ಮೇಷ್ಟ್ರ ಕಿವಿ ಬೇಕು.

ಬದಲಿ ವಿದ್ವಾಂಸರು

ಹೆಸರಾಂತ ಕಲಾವಿದರು ಶಾಲೆಗೆ ಬರುವುದು ಒಮ್ಮೆಯೋ ಎರಡು ಬಾರಿಯೋ. ಉಳಿದ ತಿಂಗಳುಗಳ ಅಭ್ಯಾಸ ಯಾರ ಜೊತೆ? ಧ್ವನಿಮುದ್ರಣ ಹಾಕಿಕೊಂಡು ನುಡಿಸಿದರೆ ಮತ್ತೆ ಪಥಸಂಚಲನದ ಅಭ್ಯಾಸವೇ ಆಗುತ್ತದೆ, ಏಕೆಂದರೆ ಅದು ಪ್ರತಿದಿನವೂ ಒಂದೇ ಥರ ಇರುತ್ತದೆ. ಊರಿನ ಸಂಗೀತ ಮೇಷ್ಟ್ರೊಬ್ಬರು ವಿದ್ವಾಂಸರ ಜಾಗದಲ್ಲಿ ಕೂತು ಹಾಡಲಿ ಅಥವಾ ನುಡಿಸಲಿ. ಬೇಕೆಂದೇ ಒಂದು ದಿನ ನಿಧಾನ, ಒಂದು ದಿನ ಚುರುಕು. ಒಂದು ದಿನ ಪಲ್ಲವಿಗೆ ಎರಡು ಸುತ್ತು ತಡವಾಗಿ ಬರಲಿ. ಏನು ಬರುತ್ತದೋ ಗೊತ್ತಿಲ್ಲದಾಗ ಮಾತ್ರ ಮಕ್ಕಳು ನಿಜವಾಗಿ ಕೇಳುತ್ತಾರೆ.

ವಿದ್ವಾಂಸರು ಬಂದ ದಿನ ಇಡೀ ಕೃತಿಯನ್ನು ಮೊದಲಿಂದ ಕೊನೆಯವರೆಗೆ ನುಡಿಸುವ ಆಸೆಯನ್ನು ಹತ್ತಿಕ್ಕಿ, ಬ್ಯಾಂಡ್ ಒಳಬರುವ ಮತ್ತು ಹೊರಹೋಗುವ ಜಾಗಗಳನ್ನಷ್ಟೇ ಹತ್ತಾರು ಸಲ ತಿದ್ದಬೇಕು. ಹೊಲಿಗೆ ಬಿಚ್ಚುವುದು ಅಲ್ಲೇ.

ಹಿರಿಯರ ಹೊಣೆ

ಇಷ್ಟು ಹೊತ್ತು ಮಕ್ಕಳ ತಯಾರಿಯ ಮಾತಾಯಿತು. ವಿದ್ವಾಂಸರ ತಯಾರಿಯೂ ಬೇಕು. 1971ರಲ್ಲಿ ರವಿಶಂಕರ್ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ತಮ್ಮ ಮೊದಲ ಸಿತಾರ್ ಕನ್ಸರ್ಟೊ ನುಡಿಸಿದಾಗ, ಆರ್ಕೆಸ್ಟ್ರಾದವರು ನುಡಿಸಬೇಕಾದ್ದೆಲ್ಲ ಹಾಳೆಯ ಮೇಲೆ ಇತ್ತು. ಮನೋಧರ್ಮಕ್ಕೆ ಬೇಕಾದ ಜಾಗ ಸಿತಾರ್ ಪಾಲಿಗೆ ಇತ್ತು. ಲಂಡನ್ನಿನ ನುರಿತ ವಾದಕರಿಗೇ ಎಲ್ಲಿ ಸ್ವಾತಂತ್ರ್ಯ, ಎಲ್ಲಿ ಕಟ್ಟು ಎಂಬುದು ಮೊದಲೇ ಗೊತ್ತಿರಬೇಕಿತ್ತು ಎಂದ ಮೇಲೆ ಗುಬ್ಬಿಯ ಒಂಬತ್ತನೇ ತರಗತಿಯ ಮಕ್ಕಳಿಗೆ ಗೊತ್ತಿರಬೇಡವೇ? ವೇದಿಕೆಯ ಮೇಲೆ ಹುಮ್ಮಸ್ಸು ಬಂದು ಹೊಸ ದಾರಿ ಹಿಡಿಯುವ ಕಲಾವಿದರು ಅನುಭವಿ ಪಕ್ಕವಾದ್ಯದವರಿಗೆ ಸಂತೋಷ ಕೊಡುತ್ತಾರೆ, ಮಕ್ಕಳಿಗೆ ಅನ್ಯಾಯ ಮಾಡುತ್ತಾರೆ.

ಮೈಕಿನ ವಿಚಾರದಲ್ಲೂ ನನಗೆ ಒಂದು ಅಳಲಿದೆ. ಇಂಥ ಕಾರ್ಯಕ್ರಮಗಳಲ್ಲಿ ವಿದ್ವಾಂಸರ ಮುಂದೆ ಎರಡು ಮೈಕ್, ಮಕ್ಕಳೆಲ್ಲರ ಮಧ್ಯೆ ಒಂದೂ ಇರುವುದಿಲ್ಲ, ಇದ್ದರೂ ಅದರ ಸದ್ದನ್ನು ಇಳಿಸಿರುತ್ತಾರೆ. ಬಣ್ಣದ ಸಮವಸ್ತ್ರ ಹಾಕಿಸಿ ಹಿಂದೆ ಕೂರಿಸಿ ಫೋಟೊ ತೆಗೆಸಿದರೆ ಅದು ಅಲಂಕಾರವಾಯಿತೇ ಹೊರತು ಸಂಗೀತವಾಗಲಿಲ್ಲ. ತಾವು ನುಡಿಸಿದ ಪಲ್ಲವಿ ಸಭೆಗೆ ಕೇಳಿಸಲಿಲ್ಲ ಎಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ತಿಂಗಳುಗಟ್ಟಲೆ ಪಟ್ಟ ಶ್ರಮಕ್ಕೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಮಕ್ಕಳ ಸದ್ದು ಸಾಲದಿದ್ದರೆ ವಿದ್ವಾಂಸರ ಸದ್ದು ತಗ್ಗಲಿ.

ಇದಕ್ಕೆಲ್ಲ ಆಗುವ ಖರ್ಚೂ ಇದೆ. ಒಡೆದ ಡ್ರಮ್ ಚರ್ಮ, ಸೋರುವ ಕ್ಲಾರಿನೆಟ್ ಪ್ಯಾಡ್‌ಗಳು, ಬಾಗಿದ ಟ್ರಂಪೆಟ್ ಬಾಯಿ ಇವನ್ನು ಮೊದಲು ಸರಿಮಾಡಿಸಬೇಕು. ವಿದ್ವಾಂಸರ ಸಂಭಾವನೆಗೆ ಒಟ್ಟು ಮಾಡಿದ ಹಣದಲ್ಲಿ ಒಂದು ಪಾಲು ಅತ್ತ ಹೋಗಲಿ.

ಇನ್ನೊಂದು ಪಾಲು ಹಾರ್ಮೋನಿಯಂ ಮೇಷ್ಟ್ರಿಗೆ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಪೌರಾಣಿಕ ನಾಟಕ ಕಲಿಸುವ ಮೇಷ್ಟ್ರುಗಳಿಗೆ ಸಂಕ್ರಾಂತಿಯಿಂದ ಬೇಸಿಗೆ ಮುಗಿಯುವವರೆಗೆ ಕೈತುಂಬ ಕೆಲಸ. ಜಾತ್ರೆಗಳು ಮುಗಿದು ಮುಂಗಾರು ಹಿಡಿದರೆ ಊರವರು ಹೊಲಕ್ಕೆ ಇಳಿಯುತ್ತಾರೆ, ನಾಟಕದ ಅಭ್ಯಾಸ ನಿಲ್ಲುತ್ತದೆ, ಮೇಷ್ಟ್ರಿಗೆ ಬಿಡುವಾಗುತ್ತದೆ. ಶಾಲೆಗಳು ಬಾಗಿಲು ತೆರೆಯುವುದೂ, ಬ್ಯಾಂಡಿಗೆ ಹೊಸ ಮಕ್ಕಳನ್ನು ಆರಿಸುವುದೂ ಸರಿಯಾಗಿ ಅದೇ ದಿನಗಳಲ್ಲಿ. ಜೂನ್‌ನಿಂದ ಡಿಸೆಂಬರ್‌ವರೆಗೆ ವಾರಕ್ಕೆರಡು ಸಂಜೆ ಅವರನ್ನು ಶಾಲೆಗೆ ಕರೆಸಿ, ಪಿ.ಟಿ. ಮೇಷ್ಟ್ರ ಪಕ್ಕ ಕುರ್ಚಿ ಹಾಕಿ, ಗೌರವಧನ ಕೊಡಲು ಯಾವ ಹೊಸ ಯೋಜನೆಯೂ ಬೇಕಾಗಿಲ್ಲ. ಶಾಲಾಭಿವೃದ್ಧಿ ಸಮಿತಿಯ ಒಂದು ಸಭೆಯಲ್ಲಿ ಮುಗಿಯುವ ತೀರ್ಮಾನ ಅದು.